ಯಜಮಾನನ ಬಾಯಿ

ಮಾರ್ಚ್ ೪, ಸೋಮವಾರ

ಬಿದ್ದೆ. ಹಾರಬೇಕಿದ್ದ ಮೂರನೇ ಬೇಲಿಯ ಮುಂದೆ ಕುದುರೆ ಯಜಮಾನ ನಿಂತಿತು, ನಾನು ನಿಲ್ಲಲಿಲ್ಲ. ಅಡ್ಡಗೋಲುಗಳ ನಡುವೆ ಹೋಗಿ ಬಿದ್ದ ಮೇಲೆ ಎಡ ಭುಜವನ್ನು ಒತ್ತಿ ನೋಡಿಕೊಂಡೆ, ಮುರಿದಿರಲಿಲ್ಲ. ಕುದುರೆ ಕತ್ತು ಚಾಚಿ ನನ್ನನ್ನು ನೋಡಿತು, ನನ್ನ ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತವರು ನೋಡುವ ಹಾಗೆ.

ಮೇಷ್ಟ್ರು ಓಡಿ ಬರಲಿಲ್ಲ. ಅವರು ಹೆಂಗಸು, ಅರವತ್ತು ದಾಟಿದವರು, ಆದರೂ ಈ ಸವಾರಿ ಶಾಲೆಯಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ. ನಿಧಾನವಾಗಿ ನಡೆದು ಬಂದು ಮೊದಲು ಕುದುರೆಯ ಕಾಲು ಸವರಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಕುದುರೆಗಿಂತ ಮೊದಲು ನೀನು ಹಾರ್ತೀಯ. ಹಾರ್ಲಾ ಬೇಡ್ವಾ ಅಂತ ಅದು ಇನ್ನೂ ಯೋಚಿಸ್ತಿರುತ್ತೆ, ನೀನಾಗ್ಲೇ ಆಚೆ ಕಡೆ. ನಾನು ಹೇಳೋವರೆಗೂ ಇನ್ನು ಬೇಲಿ ಇಲ್ಲ. ಬರೀ ಸಮನೆಲ."

ಸೆಪ್ಟೆಂಬರಿನ ಸ್ಪರ್ಧೆಗೆ ಹೆಸರು ಕೊಟ್ಟಾಗಿದೆ ಎಂದೆ. ಸೆಪ್ಟೆಂಬರ್ ತಾನಾಗಿಯೇ ಬರುತ್ತದೆ, ಅದನ್ನೂ ನೀನೇ ಅಟ್ಟಿಸಿಕೊಂಡು ಹೋಗಬೇಕಿಲ್ಲ ಎಂದರು. ಸವಾರಿ ಮುಗಿದ ಮೇಲೆ ಏನಾಯಿತೆಂದು ಬರೆದಿಡಬೇಕಂತೆ. ಬರೆಯುತ್ತಿದ್ದೇನೆ. ಕುದುರೆಯ ವಿಷಯ ಬಿಟ್ಟು ಬೇರೇನೂ ಬರೆಯುವ ಉದ್ದೇಶವಿಲ್ಲ.

ಮಾರ್ಚ್ ೬, ಬುಧವಾರ

ಭುಜ ನೀಲಿಯಾಗಿದೆ. ಉದ್ದ ಹಗ್ಗ ಕಟ್ಟಿದ ಕುದುರೆಯ ಮೇಲೆ ಕೂತು, ಮೇಷ್ಟ್ರ ಸುತ್ತ ಸುತ್ತಿದೆ. ರಿಕಾಪು ತೆಗೆಸಿಬಿಟ್ಟಿದ್ದರು. ಪಾದಕ್ಕೆ ಆಸರೆಯಿಲ್ಲದೆ ಟ್ರಾಟ್ ಎಂಬ ಕುಲುಕು ಓಟದಲ್ಲಿ ಕೂರುವುದೆಂದರೆ ಒರಳಲ್ಲಿ ತಲೆಯಿಟ್ಟ ಹಾಗೆ. ಹದಿನಾರು ವರ್ಷದಿಂದ ಸವಾರಿ ಮಾಡುತ್ತಿದ್ದೇನೆ ಎಂದು ನೆನಪಿಸಿದೆ. ಹದಿನಾರು ವರ್ಷದಿಂದ ತಪ್ಪು ಮಾಡುವವರು ಅದರಲ್ಲಿ ಪಳಗಿರುತ್ತಾರೆ ಎಂದರು.

ಏರ್ಪಾಡನ್ನೂ ಬರೆದಿಡಬೇಕು, ಏಕೆಂದರೆ ಅದು ಕುದುರೆಗೆ ಸಂಬಂಧಿಸಿದ್ದು. ಜನವರಿಯಲ್ಲಿ ಅವನು ಮನೆ ಬಿಟ್ಟ. ವಿಚ್ಛೇದನದ ತೀರ್ಪು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ವಕೀಲರು ಫ್ರಿಜ್ಜು ನನಗೆ, ಪುಸ್ತಕದ ಕಪಾಟು ಅವನಿಗೆ ಎಂದು ಹಂಚಿದ್ದಾರೆ. ಕುದುರೆಯನ್ನು ಹಂಚಲು ಬರಲಿಲ್ಲ. ಸೋಮ, ಬುಧ, ಶುಕ್ರ ನನ್ನವು. ಮಂಗಳ, ಗುರು, ಶನಿ ಅವನವು. ಭಾನುವಾರ ಕುದುರೆಯದು.

ಯಜಮಾನ ಎಂಬ ಹೆಸರಿಟ್ಟವನೂ ಅವನೇ. ಕೊಂಡು ತಂದ ದಿನ ಅದು ಲಾಯದೊಳಗೆ ಹೋಗಿ, ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕನಂತೆ ಮೂಲೆಮೂಲೆ ನೋಡಿ ಬಂದಿತ್ತು. ಅಕ್ಕ ಫೋನಿನಲ್ಲಿ ಯಜಮಾನ್ರು ಹೇಗಿದಾರೆ ಎಂದಾಗಲೆಲ್ಲ ನಾವಿಬ್ಬರೂ ನಗುತ್ತಿದ್ದೆವು. ಈಗ ಅಕ್ಕ ಹಾಗೆ ಕೇಳುವುದಿಲ್ಲ. ಗೊಂದಲ ಬೇಡವೆಂದು ಇಲ್ಲಿ ಕುದುರೆಯನ್ನು ಅದು ಎಂದೇ ಬರೆಯುತ್ತೇನೆ. ಅವನು ಎಂದರೆ ಇನ್ನೊಬ್ಬ.

ಮಾರ್ಚ್ ೧೫, ಶುಕ್ರವಾರ

ಕೈ. ಇವತ್ತು ಪೂರ್ತಿ ಕೈಯದೇ ಪಾಠ. ನನ್ನ ಕೈ ಲಗಾಮನ್ನು ಹಿಡಿದಿರುವುದಿಲ್ಲ, ಜಗ್ಗುತ್ತಿರುತ್ತದೆ ಎಂದು ಮೇಷ್ಟ್ರು. ಕಡಿವಾಣದ ಆಚೆ ತುದಿಯಲ್ಲಿ ಇರುವುದು ಬಾಯಿ. ಇಡೀ ದಿನ ಬಾಯಿಯಲ್ಲೇ ಕೆಲಸ ಮಾಡುವವಳಿಗೆ ಇದನ್ನು ಹೇಳಬೇಕೆ ಎಂದರು. ಕ್ಲಿನಿಕ್ಕಿನಲ್ಲಿ ಬಾಯಿಗೆ ಮೊದಲು ಮರಗಟ್ಟುವ ಸೂಜಿ ಕೊಡುತ್ತೇನೆ ಎಂದೆ. ಅವರಿಗೆ ನಗು ಬರಲಿಲ್ಲ.

ಏಪ್ರಿಲ್ ೧, ಸೋಮವಾರ

ಕುದುರೆ ಎಡಕ್ಕೆ ಹಗುರವಾಗಿ ಬಾಗಿತು. ಹೋದ ತಿಂಗಳು ಎಡಕ್ಕೆ ತಿರುಗಿಸುವುದೆಂದರೆ ತುಕ್ಕು ಹಿಡಿದ ಗೇಟು ತೆಗೆದಂತಿತ್ತು. ನಾನು ಎಡಕ್ಕೆ ವಿಶೇಷವಾಗಿ ಏನೂ ಮಾಡಿಲ್ಲ. ಹಾಗಾದರೆ ಅದು ಅವನ ಕೆಲಸ. ಶನಿವಾರ ಮಾಡಿದ್ದು ಸೋಮವಾರದವರೆಗೆ ಬಾಯಿಯಲ್ಲಿ ಉಳಿದಿದೆ. ಅವನು ಸಮನೆಲದ ಸವಾರ. ಮೊಣಕಾಲೆತ್ತರದ ಬೇಲಿಯನ್ನೂ ಸುತ್ತಿಕೊಂಡು ಹೋಗುವವನು. ಗಂಟೆಗಟ್ಟಲೆ ವೃತ್ತ ಹಾಕುತ್ತಾನೆ. ಮೊದಲೆಲ್ಲ ಅದನ್ನು ಗಾಣದ ಸವಾರಿ ಎಂದು ಆಡಿಕೊಳ್ಳುತ್ತಿದ್ದೆ.

ವಕೀಲರಿಂದ ಕಾಗದ ಬಂದಿದೆ. ಕಾರಣ: ಹೊಂದಾಣಿಕೆಯ ಕೊರತೆ. ಯಾರದು ಎಂದು ಬರೆದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂದು ಅಕ್ಕ ಒಂದೇ ಸಾಲಿನಲ್ಲಿ ಮುಗಿಸಿದಳು. ಎತ್ತು ಯಾರು ಎಂದು ನಾನು ಕೇಳಲಿಲ್ಲ.

ಏಪ್ರಿಲ್ ೧೭, ಬುಧವಾರ

ಕ್ಯಾಂಟರ್. ಮೂರು ಹೆಜ್ಜೆಯ ತೂಗು ಓಟ. ನೆಲದ ಮೇಲೆ ಒಂದೇ ಒಂದು ಅಡ್ಡಗೋಲು ಮಲಗಿಸಿ, ಅದರ ಮೇಲೆ ಹಾದು ಹೋಗಬೇಕು. ಓಟದ ತಾಳ ಬದಲಾಗಬಾರದು. ಬೇಲಿಯಲ್ಲ, ಎಡವಿದರೂ ಬೀಳದಂಥ ಕೋಲು. ಆದರೂ ಅದು ಹತ್ತಿರ ಬಂದ ಕೂಡಲೇ ನಾನು ಏನಾದರೊಂದು ಮಾಡುತ್ತೇನೆ. ಹಿಮ್ಮಡಿ ಒತ್ತುತ್ತೇನೆ, ಇಲ್ಲವೇ ಲಗಾಮು ಎಳೆಯುತ್ತೇನೆ. ಏನೂ ಮಾಡದಿರು ಎಂದರೆ ಆಗುತ್ತಿಲ್ಲ.

ಮೇ ೧೦, ಶುಕ್ರವಾರ

ಬಲಗಡೆ ಕುದುರೆ ಕಲ್ಲಾಗಿದೆ. ಒಂದು ವಾರದಿಂದ ನೋಡುತ್ತಿದ್ದೇನೆ. ಬಲ ಲಗಾಮಿನ ಮೇಲೆ ಭಾರ ಹಾಕಿ ಒರಗುತ್ತದೆ, ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ನಿದ್ದೆ ಮಾಡುವವರ ಹಾಗೆ. ಎಡವನ್ನು ಸರಿ ಮಾಡಲು ಹೋಗಿ ಬಲವನ್ನು ಕೆಡಿಸಿದ್ದಾನೆ. ಅವನ ಕ್ರಮವೇ ಅದು. ಒಂದನ್ನು ಹಿಡಿದರೆ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ, ಕೇಳಿದರೆ ಬಾಯಿ ಬಿಡುವುದಿಲ್ಲ. ಬುಧವಾರವೂ ಇದೇ ಆಗಿತ್ತು. ಸೋಮವಾರ ಮೇಷ್ಟ್ರಿಗೆ ಹೇಳುತ್ತೇನೆ.

ಮೇ ೧೩, ಸೋಮವಾರ

ಹೇಳಿದೆ. ಲಾಯದ ಪಕ್ಕದ ಜೀನಿನ ಕೋಣೆಯಲ್ಲಿ ಮೇಷ್ಟ್ರು ಚರ್ಮದ ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದರು. ಅವನ ಕೈ ಬಲಕ್ಕೆ ಬಿಗಿಯಾಗಿದೆ, ನೀವು ಅವನಿಗೆ ತಿಳಿಸಬೇಕು ಎಂದೆ. ನಾನೇ ಹೇಳಿದರೆ ಬೇರೆ ಅರ್ಥ ಬರುತ್ತದೆ ಎಂದೂ ಸೇರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವನು ಬರದೆ ಮೂರು ವಾರ ಆಯ್ತು," ಎಂದರು. "ಕೈ ಮುರಿದ್ಕೊಂಡಿದಾನೆ. ಅವನ ದಿನ ನಾನು ಕುದುರೆನ ಬಯಲಿಗೆ ಬಿಡ್ತಿದ್ದೆ."

ಗೋಡೆಯ ಮೇಲೆ ಅವನ ಜೀನು ಮುಸುಕು ಹಾಕಿಕೊಂಡು ಕೂತಿತ್ತು. ಮುಸುಕಿನ ಮೇಲೆ ಧೂಳು ಕಾಣುತ್ತಿತ್ತು. ಅದರ ಕೆಳಗಿನ ಗೂಟದಲ್ಲೇ ನಾನು ದಿನಾ ನನ್ನ ಟೋಪಿ ನೇತುಹಾಕುತ್ತೇನೆ.

ಅಂದರೆ ಮೂರು ವಾರದಿಂದ ಆ ಬಾಯಿಯಲ್ಲಿ ಇದ್ದದ್ದು ನನ್ನ ಕೈ ಮಾತ್ರ.

ಅವನು ಲಿಫ್ಟ್ ರಿಪೇರಿಯ ಎಂಜಿನಿಯರ್. ಲಿಫ್ಟಿನ ಯಂತ್ರದ ಕೋಣೆಗೆ ಹೋಗುವ ಮೆಟ್ಟಿಲಿನಲ್ಲಿ ಜಾರಿದನಂತೆ. ಇಪ್ಪತ್ತು ವರ್ಷದಿಂದ ಜನರನ್ನು ಮೆಟ್ಟಿಲಿನಿಂದ ಕಾಪಾಡುತ್ತಾ ಬಂದವನು. ಯಾರೂ ನನಗೆ ತಿಳಿಸಲಿಲ್ಲ. ತಿಳಿಸಬೇಕಾದ ಕಾರಣವೂ ಈಗ ಇಲ್ಲ.

ಇವತ್ತು ಬಲಕ್ಕೆ ವೃತ್ತ ಹಾಕುತ್ತಾ ನನ್ನ ಬಲಗೈಯನ್ನೇ ಗಮನಿಸಿದೆ. ಮುಷ್ಟಿ ಕಟ್ಟಿತ್ತು. ಬಿಡಿಸಿದೆ. ಅರ್ಧ ಸುತ್ತಿನಲ್ಲಿ ಮತ್ತೆ ಕಟ್ಟಿತ್ತು.

ಮೇ ೧೪, ಮಂಗಳವಾರ

ಅವನ ದಿನಗಳಲ್ಲೂ ನಾನೇ ಓಡಿಸಬೇಕೆಂದು ಮೇಷ್ಟ್ರು. ಬಲಕ್ಕೆ ವೃತ್ತ. ಬಲಕ್ಕೆ ವೃತ್ತ. ಗಾಣ.

ಜೂನ್ ೫, ಬುಧವಾರ

ಬಲ ಸಡಿಲವಾಗಿದೆ. ಇದನ್ನು ಮಾಡಿದ್ದು ನಾನೇ, ಬೇರೆ ಯಾರ ಹೆಸರು ಹೇಳುವ ಹಾಗೂ ಇಲ್ಲ. ಕುದುರೆ ಕತ್ತು ಇಳಿಸಿ, ಕಡಿವಾಣ ಮೆಲ್ಲುತ್ತಾ, ಮೂಗಿನಿಂದ ದೊಡ್ಡ ಉಸಿರು ಬಿಟ್ಟಿತು. ಅದು ಒಳ್ಳೆಯ ಲಕ್ಷಣವಂತೆ.

ಇಳಿದು ಲಾಯಕ್ಕೆ ಕರೆದುಕೊಂಡು ಹೋಗಿ ಕಟ್ಟಿದೆ. ಬಾಲ್ದಿಯಲ್ಲಿ ನೀರು ತರಲು ಹೋಗಿ ಬರುವಷ್ಟರಲ್ಲಿ ಅವನು ಅಲ್ಲಿದ್ದ. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರು. ಕುದುರೆಯ ಕತ್ತಿಗೆ ಹಣೆ ಹಚ್ಚಿ ನಿಂತಿದ್ದ, ಬೆನ್ನು ನನ್ನ ಕಡೆಗಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಬಾಲ್ದಿಯನ್ನು ಗೋಡೆಗೆ ಬಡಿದು ಶಬ್ದ ಮಾಡಿಕೊಂಡು ಒಳಗೆ ಬಂದೆ. ಅಷ್ಟು ಹೊತ್ತಿಗೆ ಅವನು ಗೊರಸು ಪರೀಕ್ಷಿಸುತ್ತಿದ್ದ. ಕೈ ಹೇಗಿದೆ ಎಂದೆ. ಪರವಾಗಿಲ್ಲ ಎಂದ. ಕುದುರೆ ಚೆನ್ನಾಗಿದೆ ಎಂದ. ಹೌದು ಎಂದೆ. ಇಷ್ಟು ಮಾತಾಡಿ ಐದು ತಿಂಗಳಾಗಿತ್ತು.

ಜೂನ್ ೨೪, ಸೋಮವಾರ

ಮೇಷ್ಟ್ರು ಬೇಲಿ ಕಟ್ಟಿಸಿದರು. ಕಟ್ಟಿದವನು ಅವನು, ಒಂದೇ ಕೈಯಲ್ಲಿ. ಸವಾರಿ ಮಾಡಲಾಗದಿದ್ದರೆ ಕೋಲಾದರೂ ಹೊರು ಎಂದು ಅವನನ್ನು ಕೆಲಸಕ್ಕೆ ಹಚ್ಚಿದ್ದಾರೆ. ಎರಡು ಸಣ್ಣ ಬೇಲಿ, ನಡುವೆ ನಾಲ್ಕು ಹೆಜ್ಜೆಯ ಓಟ.

ಮೊದಲ ಸಲ ಕುದುರೆ ಎರಡನೇ ಬೇಲಿಯನ್ನು ಬುಡದಿಂದ ಎಗರಿ, ಕೋಲು ಉದುರಿಸಿತು. ಎರಡನೇ ಸಲವೂ ಅಷ್ಟೇ. ಕೋಲು ಎತ್ತಿಡಲು ಬಂದವನು ಜೀನಿನ ಪಕ್ಕದಲ್ಲಿ ನಿಂತ. ಏನೋ ಹೇಳಲು ಹೊರಟು ನಿಲ್ಲಿಸಿದ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅವನು ಹೇಳಬಹುದಾದ್ದನ್ನು ನಾನೇ ಊಹಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟುಬಿಡುತ್ತೇನೆ. ಇವತ್ತು ಏದುಸಿರು ಬರುತ್ತಿತ್ತು, ಮಾತಾಡಲು ಆಗಲಿಲ್ಲ.

"ನೀನು ಉಸಿರು ಹಿಡೀತೀಯ," ಎಂದ. "ಬೇಲಿಗೆ ಮೂರು ಹೆಜ್ಜೆ ಇದೆ ಅನ್ನುವಾಗ. ಇಲ್ಲಿಂದ ಕಾಣುತ್ತೆ."

"ಎಷ್ಟು ದಿನದಿಂದ?"

"ಮೊದಲಿಂದಲೂ."

"ಯಾಕೆ ಹೇಳ್ಲಿಲ್ಲ?"

ಅವನು ಕೋಲನ್ನು ಕಂಬದ ಕೊಂಡಿಯಲ್ಲಿ ಕೂರಿಸಿ ಎತ್ತರ ನೋಡಿದ. "ಹೇಳೋಕೆ ಜಾಗ ಇರ್ಲಿಲ್ಲ," ಎಂದ. ಜಗಳದ ದನಿಯಲ್ಲಿ ಅಲ್ಲ. ಲಿಫ್ಟಿನಲ್ಲಿ ಇಷ್ಟೇ ಜನ ಹಿಡಿಯುತ್ತಾರೆ ಎನ್ನುವ ಹಾಗೆ.

ಮೂರನೇ ಸಲ ಬೇಲಿಗಳ ನಡುವೆ ಜೋರಾಗಿ ಉಸಿರು ಬಿಡುತ್ತಾ ಹೋದೆ. ಹಬೆಯ ಎಂಜಿನ್ ಬಂತು ಎಂದರು ಮೇಷ್ಟ್ರು. ಕೋಲು ಬೀಳಲಿಲ್ಲ.

ಜುಲೈ ೧೨, ಶುಕ್ರವಾರ

ಐದು ಬೇಲಿಗಳ ಸಾಲು, ಎರಡು ಕಡೆಗೂ. ಬೇಲಿ ಬಂದಾಗ ಬರುತ್ತದೆ. ಅಷ್ಟೇ ಎಂದು ಬರೆಯಲು ನಾಲ್ಕು ತಿಂಗಳು ಹಿಡಿಯಿತು.

ಜುಲೈ ೧೬, ಮಂಗಳವಾರ

ಇವತ್ತು ನನ್ನ ದಿನವಲ್ಲ. ಅವನ ಪ್ಲಾಸ್ಟರು ಬಿಚ್ಚಿ ಒಂದು ವಾರ ಆಯಿತು. ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಬರಲಿಲ್ಲ, ಹಾಗಾಗಿ ಈ ಕಡೆ ಬಂದೆ. ಕುದುರೆಯ ಮುಂಗಾಲು ನೋಡುವುದಿತ್ತು.

ಅವನು ಮೇಷ್ಟ್ರ ಹತ್ತಿರ ಒಂದು ಬೇಲಿ ಹಾರಿಸಬೇಕೆಂದು ಕೇಳಿಕೊಂಡಿದ್ದ. ಹನ್ನೆರಡು ವರ್ಷ ನಾನು ಕರೆದರೂ ಬಂದವನಲ್ಲ. ಮೇಷ್ಟ್ರು ನನ್ನ ಕಡೆ ಕೈ ಮಾಡಿ, ಹಾರೋ ವಿಷಯ ಅವಳನ್ನು ಕೇಳು ಎಂದು ಚಹಾ ಕುಡಿಯಲು ಹೊರಟುಹೋದರು. ನಾನು ಅಂಗಣದ ನಡುವೆ ನಿಂತೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯಂತೆ ಅವನಿಗೆ ಬೇಲಿ ಕಂಡ ಕೂಡಲೇ ಮಣಿಕಟ್ಟು ನೋಯತೊಡಗಿತು. ನಾನು ಹಾರು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಅವನು ಎರಡು ಸುತ್ತು ಬಂದ, ಮೂರು ಸುತ್ತು ಬಂದ. ಆಮೇಲೆ ತಾನಾಗಿಯೇ ಬೇಲಿಯ ಕಡೆ ತಿರುಗಿಸಿದ.

ಕತ್ತಿನ ಕೂದಲು ಹಿಡಿದುಕೋ, ದೂರದ ಮರ ನೋಡು ಎಂದೆ. ಕುದುರೆ ಬಹಳ ಎಚ್ಚರದಿಂದ, ತುಂಬಿದ ಪಾತ್ರೆ ಹೊತ್ತವರಂತೆ ಹಾರಿತು. ಅದು ಆಚೆ ನೆಲ ಮುಟ್ಟುವಾಗ ಅವನು ಜೀನಿನಿಂದ ಎದ್ದು ಕುದುರೆಯ ಕತ್ತಿನ ಮೇಲೆ ಕೂತಿದ್ದ. ಭಂಗಿಯ ಬಗ್ಗೆ ಹೇಳುವುದೇನೂ ಇಲ್ಲ. ಅಲ್ಲೇ ಕೂತು ನಗತೊಡಗಿದ. ನಾನೂ ನಕ್ಕಿರಬೇಕು, ಮೇಷ್ಟ್ರು ಚಹಾ ಲೋಟ ಹಿಡಿದು ಹೊರಗೆ ಬಂದು ನೋಡಿದರು.

ಆಮೇಲೆ ಅಂಗಣದ ಸುತ್ತಿನ ಬೇಲಿಗೆ ಒರಗಿ ಸ್ವಲ್ಪ ಹೊತ್ತು ಮಾತಾಡಿದೆವು. ಕುದುರೆಯ ವಿಷಯ ಹೆಚ್ಚು. ನಾವು ಒಂದೇ ಮನೆಯಲ್ಲಿದ್ದಾಗ ಇಬ್ಬರೂ ಒಂದೇ ದಿನ ಇಲ್ಲಿಗೆ ಬರುತ್ತಿದ್ದದ್ದೇ ಅಪರೂಪ ಎಂದು ಅವನು ಹೇಳಿದ ಮೇಲೆ ಹೊಳೆಯಿತು.

ಜುಲೈ ೧೭, ಬುಧವಾರ

ಅಕ್ಕ ಕೇಳಿದಳು: ಮತ್ತೆ ಒಂದಾಗುವ ಸೂಚನೆ ಉಂಟೇ. ಇಲ್ಲ ಎಂದೆ. ಹಾಗಾದರೆ ಯಾಕೆ ಹೀಗೆ ಎಂದಳು. ಹೇಗೆ ಎಂದು ಕೇಳಿದೆ. ಅವಳು ಫೋನು ಭಾವನ ಕೈಗೆ ಕೊಟ್ಟಳು. ಭಾವ ಹಲ್ಲುನೋವಿನ ಬಗ್ಗೆ ವಿಚಾರಿಸಿದರು.

ಆಗಸ್ಟ್ ೫, ಸೋಮವಾರ

ಪಶುವೈದ್ಯರು ಬಂದಿದ್ದರು. ಮುಂಗಾಲಿನ ಗೆಣ್ಣಿನಲ್ಲಿ ಸವೆತ ಶುರುವಾಗಿದೆ. ಈ ಸ್ಪರ್ಧೆ ಆಗಬಹುದು. ಅದಾದ ಮೇಲೆ ಎತ್ತರದ ಬೇಲಿ ನಿಲ್ಲಿಸಬೇಕು. ಸಮನೆಲದ ಕೆಲಸ ಇನ್ನೂ ಹತ್ತು ವರ್ಷ ಮಾಡಬಹುದು, ಅದೇ ಒಳ್ಳೆಯದು ಎಂದರು.

ಸ್ಪರ್ಧೆಯನ್ನೂ ಬಿಡಲೇ ಎಂದು ಕೇಳಿದೆ. ಬೇಕಿಲ್ಲ ಎಂದರು. ಮತ್ತೊಮ್ಮೆ ಕೇಳಿದೆ.

ಆಗಸ್ಟ್ ೨೧, ಬುಧವಾರ

ಅವನಿಗೆ ಬೇರೆ ಊರಿನಲ್ಲಿ ಕೆಲಸವಾಗಿದೆ. ಹೊಸ ಆಸ್ಪತ್ರೆ, ತುಂಬಾ ಲಿಫ್ಟುಗಳು. ಅಲ್ಲಿ ಪರಿಚಯದವರು ಯಾರೂ ಇಲ್ಲ. ಸವಾರಿ ಶಾಲೆಯೊಂದು ಇದೆಯಂತೆ, ಹೋಗಿ ನೋಡಿ ಬಂದಿದ್ದಾನೆ. ಆದರೂ ಕುದುರೆ ನಿನ್ನ ಹತ್ತಿರವೇ ಇರಲಿ, ನೀನೇ ಹೆಚ್ಚು ಕಷ್ಟಪಟ್ಟಿದ್ದೀಯ ಎಂದ. ಸರಿ ಎಂದೆ. ವಕೀಲರಿಗೂ ಹೇಳಿಬಿಡುತ್ತೇನೆ ಎಂದ. ಸ್ಪರ್ಧೆ ಮುಗಿಯಲಿ ಎಂದೆ.

ಮನೆಗೆ ಬಂದು ಫ್ರಿಜ್ಜು ಒರೆಸಿದೆ.

ಸೆಪ್ಟೆಂಬರ್ ೧೫, ಭಾನುವಾರ

ಸ್ಪರ್ಧೆ. ಎಂಟು ಬೇಲಿ. ಗಂಟೆ ಹೊಡೆದ ಮೇಲೆ ಒಂದು ಪೂರ್ತಿ ವೃತ್ತ ಹಾಕಿದೆ, ಮೊದಲಿನ ಹಾಗೆ ನೇರ ನುಗ್ಗಲಿಲ್ಲ. ಐದನೆಯದರಲ್ಲಿ ಹಿಂಗಾಲು ತಗುಲಿ ಒಂದು ಕೋಲು ಬಿತ್ತು. ಹಾಗಾಗಿ ಸ್ಥಾನವಿಲ್ಲ.

ಆದರೆ ಏಳನೆಯದು. ತಿರುವಿನಿಂದ ಹೊರಬಂದಾಗ ಅದು ದೂರದಲ್ಲಿತ್ತು. ಎಷ್ಟು ಹೆಜ್ಜೆ ಎಂದು ನನಗೆ ಗೊತ್ತಾಗಲಿಲ್ಲ. ಕಾಲು ಒತ್ತಲಿಲ್ಲ, ಕೈ ಎಳೆಯಲಿಲ್ಲ. ಕುದುರೆಯ ಕಿವಿ ಮುಂದಕ್ಕೆ ನಿಂತಿತು, ಬೆನ್ನು ಏರಿತು, ಅದು ನನ್ನನ್ನು ಕರೆದುಕೊಂಡು ಹೋಯಿತು. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಬರೆಯಲು ನೋಡಿದೆ. ಏನೂ ಮಾಡುತ್ತಿರಲಿಲ್ಲ.

ಅವನು ಗೇಟಿನ ಬಳಿ ಕಂಬಳಿ ಹಿಡಿದು ನಿಂತಿದ್ದ. ಕುದುರೆಗೆ ಹೊದಿಸಿದ. "ಏಳನೇದು," ಎಂದ. ಮೇಷ್ಟ್ರು ಬಂದು ಅದನ್ನೇ ಹೇಳಿದರು.

ಸೆಪ್ಟೆಂಬರ್ ೧೮, ಬುಧವಾರ

ನ್ಯಾಯಾಲಯ. ನೀಲಿ ಬಣ್ಣದ ಗೋಡೆ, ಸದ್ದು ಮಾಡುವ ಫ್ಯಾನು. ನ್ಯಾಯಾಧೀಶರು ನನ್ನನ್ನು ಮೊದಲು ಕೇಳಿದರು, ಒಪ್ಪಿಗೆ ಎಂದೆ. ಆಮೇಲೆ ಅವನನ್ನು ಕೇಳಿದರು. ಅವನು ತಕ್ಷಣ ಹೇಳಲಿಲ್ಲ. ವಕೀಲರು ಕೆಮ್ಮಿದರು. ಬೆರಳಚ್ಚಿನವರು ಕೈ ಎತ್ತಿ ಕಾದರು. ಎಲ್ಲರೂ ನನ್ನ ಕಡೆ ನೋಡಿದರು, ಯಾಕೋ ಗೊತ್ತಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಹಾಕಲು ಹೆಣಗುತ್ತಿದ್ದರು, ಅದನ್ನು ನೋಡುತ್ತಿದ್ದೆ. ಕೊನೆಗೆ ಅವನು ಒಪ್ಪಿಗೆ ಎಂದ.

ಹಂಚಿಕೆಯಾಗದ ಆಸ್ತಿ ಏನಾದರೂ ಉಳಿದಿದೆಯೇ ಎಂದು ಕೇಳಿದಾಗ ನಾನು ಎದ್ದು, ಒಂದು ಕುದುರೆ, ಅದು ಅವರಿಗೆ ಎಂದೆ. ಅವನು ನನ್ನ ಕಡೆ ತಿರುಗಿದ.

ಕಾರಣಗಳು ಸರಳ. ಕುದುರೆಗೆ ಇನ್ನು ಬೇಲಿ ಸಲ್ಲದು. ಸಮನೆಲದಲ್ಲಿ ಅವನ ಕೈ ನನ್ನದಕ್ಕಿಂತ ವಾಸಿ. ಅಲ್ಲಿಯ ಲಾಯದಲ್ಲಿ ಗಾಳಿ ಬೆಳಕು ಚೆನ್ನಾಗಿದೆಯಂತೆ. ಇದನ್ನೇ ಅಕ್ಕನಿಗೂ ವಿವರಿಸಿದೆ. ಅವಳು ಊಟ ಮಾಡಿದ್ಯಾ ಎಂದಳು.

ಸೆಪ್ಟೆಂಬರ್ ೨೮, ಶನಿವಾರ

ಬೆಳಿಗ್ಗೆ ಲಾರಿ ಬಂತು. ಯಜಮಾನ ಇಳಿಜಾರು ಹಲಗೆಯ ಮುಂದೆ ನಿಂತುಬಿಟ್ಟಿತು. ಚಾಲಕ ಹಿಂದಿನಿಂದ ತಟ್ಟಲೇ ಎಂದ. ಅವನು ಮುಂದಿನಿಂದ ಎಳೆಯಲೇ ಎಂದ. ಬೇಡ ಎಂದೆ. ಹಗ್ಗ ನನ್ನ ಕೈಯಲ್ಲಿತ್ತು, ಸಡಿಲ ಬಿಟ್ಟು ಪಕ್ಕದಲ್ಲಿ ನಿಂತೆ. ಚಾಲಕ ಬೀಡಿ ಸೇದಲು ಹೋದ. ಕುದುರೆ ಹಲಗೆಯನ್ನು ಮೂಸಿತು, ಒಂದು ಗೊರಸಿನಿಂದ ಬಡಿದು ನೋಡಿತು. ಆಮೇಲೆ ತನಗೇ ಹೊಳೆದಂತೆ ಒಳಗೆ ನಡೆದು ಹೋಯಿತು. ಒಳಗೂ ಮೂಲೆಮೂಲೆ ನೋಡಿತು.

ಕಟ್ಟುವಾಗ ಅವನು ಪಕ್ಕದಲ್ಲಿದ್ದ. ಹೇಳಬೇಕಾದ್ದನ್ನು ಹೇಳಿದೆ. ಈಚೆಗೆ ಅದು ನಿಂತ ಕೂಡಲೇ ತಲೆ ತಿರುಗಿಸಿ ಸವಾರರ ಮೊಣಕಾಲು ಮೂಸುತ್ತದೆ. ನಾನು ಬಾಗಿ ಕತ್ತು ತಟ್ಟಿ ತಟ್ಟಿ ಆದ ಅಭ್ಯಾಸ. ಸಮನೆಲದ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಳೆಯುತ್ತಾರೆ.

"ಬಿಡಿಸ್ಬೇಕು," ಎಂದೆ. "ಕಷ್ಟ ಆಗಲ್ಲ. ಎರಡು ತಿಂಗಳು ತಟ್ಟದೆ ಇದ್ರೆ ಮರೆತುಬಿಡುತ್ತೆ."

ಅವನು ಗಂಟು ಬಿಗಿಮಾಡಿ, ಮತ್ತೆ ಸ್ವಲ್ಪ ಸಡಿಲ ಮಾಡಿದ. ನಾನು ಕಾದೆ.

"ಇರಲಿ ಬಿಡು," ಎಂದ.

ಲಾರಿ ಗೇಟು ದಾಟಿದ ಮೇಲೆ ಕ್ಲಿನಿಕ್ಕಿಗೆ ಹೋದೆ. ಮಧ್ಯಾಹ್ನ ಒಬ್ಬ ಮುದುಕರ ದವಡೆಹಲ್ಲು ಕಿತ್ತೆ, ಹಳೆಯದು, ಬೇರು ಆಳಕ್ಕಿತ್ತು. ಕಿತ್ತದ್ದೇ ಗೊತ್ತಾಗಲಿಲ್ಲ, ನಿಮ್ಮ ಕೈ ಬಹಳ ಹಗುರ ಎಂದರು. ಮರಗಟ್ಟಿದ್ದು ಇಳಿಯಲಿ, ಸಂಜೆ ಹೊತ್ತಿಗೆ ಗೊತ್ತಾಗುತ್ತದೆ ಎಂದೆ.